ಸ್ಕ್ಯಾನ್ ಆದ ಮೇಲೆ ಬಾಕಿ ಉಳಿಯುವ ಕೆಲಸ

ಹಳೆಯ ಕನ್ನಡ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಅಂತರಜಾಲಕ್ಕೆ ಏರಿಸಿಬಿಟ್ಟರೆ ಅದು ಎಲ್ಲರ ಕೈಗೂ ಸಿಕ್ಕಿತು ಎಂದುಕೊಳ್ಳುತ್ತೇವೆ. ಕಣ್ಣು ಕಾಣದ ಓದುಗರೊಬ್ಬರು ಅದನ್ನು ತೆರೆದರೆ, ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಓದಲು ಏನೂ ಸಿಗುವುದಿಲ್ಲ. ಪುಟ ಖಾಲಿ ಎಂದು ಹೇಳಿ ಅದು ಸುಮ್ಮನಾಗುತ್ತದೆ. ಅದರ ಪಾಲಿಗೆ ಅಲ್ಲಿರುವುದು ಬರೀ ಚಿತ್ರ.

ಈ ಶತಮಾನದ ಆರಂಭದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಅವುಗಳಲ್ಲಿ ಅನೇಕವು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಗೆದ್ದಲಿಗೆ ಹೋಗಬೇಕಿದ್ದದ್ದು ಉಳಿಯಿತು, ಅದಕ್ಕೆ ಋಣಿಯಾಗಿರಲೇಬೇಕು. ಆದರೆ ಇಂಥ ಯೋಜನೆಗಳ ವರದಿಯಲ್ಲಿ ಎಣಿಸುವುದು ಸ್ಕ್ಯಾನ್ ಆದ ಪುಟಗಳನ್ನು. ಅವುಗಳಲ್ಲಿ ಎಷ್ಟನ್ನು ಕಿವಿಯಿಂದ, ಬೆರಳಿನಿಂದ ಓದಬಹುದು ಎಂದು ಯಾರೂ ಕೇಳುವುದಿಲ್ಲ. ನನ್ನ ತಕರಾರು ಈ ಲೆಕ್ಕದ ಬಗ್ಗೆ.

ಕಾನೂನು ಅಡ್ಡ ಬರುತ್ತದೆ ಎನ್ನುವ ಕಾಲ ಹೋಯಿತು. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಅಂಗವಿಕಲರು ಓದಬಹುದಾದ ರೂಪಕ್ಕೆ ಪುಸ್ತಕವನ್ನು ಲಾಭದ ಉದ್ದೇಶವಿಲ್ಲದೆ ಪರಿವರ್ತಿಸಲು ಪ್ರಕಾಶಕರ ಅನುಮತಿ ಬೇಕಿಲ್ಲ. ಇದೇ ಆಶಯದ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಮೊರಾಕ್ಕೊ ದೇಶದ ಮರಾಕೆಶ್‌ನಲ್ಲಿ ಆಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಕಷ್ಟ ಇರುವುದು ಅಕ್ಷರಗಳಲ್ಲಿ.

ಚಿತ್ರದಿಂದ ಅಕ್ಷರ ತೆಗೆಯುವ ಒಸಿಆರ್ ಕನ್ನಡಕ್ಕೂ ಬಂದಿದೆ. ಟೆಸರಾಕ್ಟ್ ಇದೆ, ಗೂಗಲ್‌ನದಿದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ರೂಪುಗೊಂಡ ‘ಲಿಪಿ ಜ್ಞಾನಿ’ ಇದೆ. ಹೊಸ ಅಚ್ಚಿನ ಪುಟವನ್ನು ಇವು ಚೆನ್ನಾಗಿಯೇ ಓದುತ್ತವೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕ ಬಂದಾಗ ಎಡವುತ್ತವೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿರುತ್ತದೆ, ದೀರ್ಘ ಅಳಿಸಿರುತ್ತದೆ. ‘ಧ’ದ ಹೊಟ್ಟೆ ಸೀಳುವ ಪುಟ್ಟ ಗೆರೆ ಮಾಸಿದ್ದರೆ ‘ಸಹಾಯಧನ’ ‘ಸಹಾಯದನ’ ಆಗುತ್ತದೆ. ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ: ಅನುಸ್ವಾರದ ಜಾಗದಲ್ಲಿ ಯಂತ್ರ ಕನ್ನಡ ಅಂಕಿಯ ಸೊನ್ನೆಯನ್ನು ಇಟ್ಟಿರುತ್ತದೆ. ನೋಡುವವರಿಗೆ ‘ಬಂದ’ ಎಂದೇ ಕಾಣುತ್ತದೆ. ಸ್ಕ್ರೀನ್ ರೀಡರ್ ಮಾತ್ರ ನಡುವೆ ಸೊನ್ನೆ ಎನ್ನುತ್ತದೆ, ಇಲ್ಲವೇ ಪದವನ್ನೇ ಮುರಿಯುತ್ತದೆ. ಇನ್ನು ಪುಟ ತಿರುಗುವಲ್ಲಿ ತಲೆಬರಹವೂ ಪುಟಸಂಖ್ಯೆಯೂ ವಾಕ್ಯದೊಳಕ್ಕೆ ನುಗ್ಗುತ್ತವೆ. ಕಾದಂಬರಿಯ ನಾಯಕಿ ಬಾಗಿಲು ತೆಗೆದು ‘ನೂರ ಇಪ್ಪತ್ತನಾಲ್ಕು’ ಒಳಗೆ ಬರುತ್ತಾಳೆ.

ಹಾಗಾದರೆ ಎಲ್ಲ ತಪ್ಪೂ ತಿದ್ದುವವರೆಗೆ ಪುಸ್ತಕವನ್ನು ತಡೆಹಿಡಿಯಬೇಕೇ? ಬೇಡ. ನಾಳೆ ಪರೀಕ್ಷೆ ಇರುವ ವಿದ್ಯಾರ್ಥಿಗೆ ಕಲ್ಲು ಸಿಕ್ಕರೂ ಇವತ್ತೇ ಅನ್ನ ಬೇಕು. ಕಾದಂಬರಿಯಲ್ಲಿ ಪುಟಕ್ಕೆ ಹತ್ತು ತಪ್ಪಿದ್ದರೂ ಕತೆ ಕೈಗೆ ಸಿಗುತ್ತದೆ. ಕಾನೂನು, ಗಣಿತ, ಔಷಧದ ಪ್ರಮಾಣ ಬಂದಲ್ಲಿ ಒಂದು ತಪ್ಪೂ ಹೆಚ್ಚು. ಱ, ೞ ಬಳಸಿ ಅಚ್ಚಾದ ಹಳಗನ್ನಡ ಕಾವ್ಯದ ಆವೃತ್ತಿಯನ್ನಂತೂ ತಿದ್ದದೆ ಕೊಡುವುದಕ್ಕಿಂತ ಕೊಡದಿರುವುದು ವಾಸಿ. ಹಾಗಾಗಿ ಇಂಥವನ್ನು ಬಿಟ್ಟು ಉಳಿದವುಗಳ ತಿದ್ದದ ಪಠ್ಯವನ್ನು ‘ತಿದ್ದಿಲ್ಲ’ ಎಂದು ಹೇಳಿಯೇ ಕೂಡಲೇ ಕೊಡೋಣ. ಯಾವುದನ್ನು ಮೊದಲು ತಿದ್ದಬೇಕು ಎಂಬುದನ್ನು ಓದುವವರು ಹೇಳಲಿ. ಕೃತಕ ಬುದ್ಧಿಮತ್ತೆ ಇದೆಲ್ಲವನ್ನೂ ಮುಗಿಸಿಬಿಡುತ್ತದೆ ಎನ್ನುವವರಿಗೆ ಒಂದು ಮಾತು. ‘ಸಹಾಯದನ’ ಕೇಳಿದವರು ನಕ್ಕು, ತಾವೇ ಸರಿಪಡಿಸಿಕೊಂಡು ಮುಂದೆ ಹೋಗುತ್ತಾರೆ. ಅಳಿಸಿದ ಪದದ ಜಾಗಕ್ಕೆ ಯಂತ್ರ ಊಹಿಸಿ ಹೊಂದಿಸಿದ ಸೊಗಸಾದ ತಪ್ಪನ್ನು, ಮೂಲ ಪುಟ ನೋಡಲಾಗದವರು ಹಿಡಿಯುವುದು ಹೇಗೆ?

ಯಾರಾದರೂ ಓದಿ ಧ್ವನಿಮುದ್ರಿಸಿದರೆ ಸಾಲದೇ ಎಂಬ ಪ್ರಶ್ನೆಯೂ ಇದೆ. ಕಥನಕ್ಕೆ ಒಳ್ಳೆಯ ಕಂಠದಂಥದ್ದು ಇನ್ನೊಂದಿಲ್ಲ. ಆದರೆ ಬರೀ ಕೇಳಿ ಕಲಿತ ಹುಡುಗಿಗೆ ‘ವಿಶೇಷ’ದಲ್ಲಿ ಯಾವುದು ಶ, ಯಾವುದು ಷ ಎಂದು ತಿಳಿಯುವುದು ಕಷ್ಟ. ಪಠ್ಯವಿದ್ದರೆ ಒಂದೊಂದೇ ಅಕ್ಷರಕ್ಕೆ ನಿಂತು ನೋಡಬಹುದು, ಬ್ರೈಲ್‌ಗೆ ಇಳಿಸಿಕೊಳ್ಳಬಹುದು, ಮೂರನೆಯ ಅಧ್ಯಾಯಕ್ಕೆ ನೇರವಾಗಿ ಹಾರಬಹುದು. ಹುಡುಕಲು ಬರುವ ಪಠ್ಯದಿಂದ ಕಣ್ಣಿದ್ದವರಿಗೂ ಲಾಭ ಎಂದು ಈ ಕೆಲಸವನ್ನು ಸಮರ್ಥಿಸುವವರಿದ್ದಾರೆ. ನಿಜವೇ, ಆದರೆ ಆ ವಾದ ನನಗೆ ಅಷ್ಟು ರುಚಿಸದು. ಓದುವ ಹಕ್ಕಿಗೆ ಇತರರ ಲಾಭದ ಶಿಫಾರಸು ಯಾಕೆ?

ಅತಿ ವಿಚಿತ್ರವಾದದ್ದು ಹೊಸ ಪುಸ್ತಕಗಳ ಪಾಡು. ಅವು ಹುಟ್ಟುವುದೇ ಕಂಪ್ಯೂಟರಿನಲ್ಲಿ. ಪ್ರಕಾಶಕರ ಬಳಿ ಪಠ್ಯ ಇದ್ದೇ ಇರುತ್ತದೆ. ಆದರೂ ಅಚ್ಚಾದ ಪ್ರತಿ ಕೊಂಡು, ಬೆನ್ನು ಬಿಚ್ಚಿ, ಸ್ಕ್ಯಾನ್ ಮಾಡಿ, ಇದ್ದ ಅಕ್ಷರವನ್ನೇ ಮತ್ತೆ ಹುಡುಕುತ್ತೇವೆ! ಕಡತ ಕೊಟ್ಟರೂ ಅದು ಯೂನಿಕೋಡ್‌ನಲ್ಲಿ ಇಲ್ಲದೆ ನುಡಿ, ಶ್ರೀಲಿಪಿಗಳ ಹಳೆಯ ಫಾಂಟಿನಲ್ಲಿದ್ದರೆ ಸ್ಕ್ರೀನ್ ರೀಡರ್‌ಗೆ ಸಿಗುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅದನ್ನು ಪರಿವರ್ತಿಸುವ ತಂತ್ರಾಂಶಗಳಿವೆ, ಒಸಿಆರ್‌ಗಿಂತ ಎಷ್ಟೋ ಸಲೀಸು. ಆದರೆ ಕೃತಿಸ್ವಾಮ್ಯ ಕಾಯ್ದೆ ಪರಿವರ್ತನೆಗೆ ದಾರಿ ಬಿಟ್ಟಿದೆಯೇ ಹೊರತು ಮೂಲ ಕಡತ ಕೊಡಿ ಎಂದು ಪ್ರಕಾಶಕರಿಗೆ ಹೇಳಿಲ್ಲ. ಗ್ರಂಥಾಲಯಗಳಿಗೆ ಸರ್ಕಾರ ಪುಸ್ತಕ ಕೊಳ್ಳುವಾಗ ಆ ಷರತ್ತು ಹಾಕಬಹುದು. ಬಂದ ಕಡತ ಇಡಲು 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ.

ಉಳಿದದ್ದು ಹಳೆಯ ಪುಸ್ತಕಗಳ ತಿದ್ದುವಿಕೆ. ವಿಕಿಸೋರ್ಸ್‌ನಲ್ಲಿ ಒಂದು ಬದಿಗೆ ಪುಟದ ಚಿತ್ರ, ಇನ್ನೊಂದು ಬದಿಗೆ ಪಠ್ಯ ಇಟ್ಟುಕೊಂಡು ಕನ್ನಡದ ಸ್ವಯಂಸೇವಕರು ಈ ಕೆಲಸ ಮಾಡುತ್ತಿದ್ದಾರೆ. ಓಲೆಗರಿಯಿಂದ ಕಾವ್ಯ ಸಂಪಾದಿಸಿದವರನ್ನು ವಿದ್ವಾಂಸರೆಂದು ಗೌರವಿಸುತ್ತೇವೆ. ಮಾಸಿದ ಅಚ್ಚಿನಿಂದ ಪಠ್ಯ ಎತ್ತುವವರ ಕೆಲಸವನ್ನು ಮಾತ್ರ ಸಮಾಜಸೇವೆ ಎಂದು ಬದಿಗಿಡುತ್ತೇವೆ. ಸ್ಕ್ಯಾನಿಂಗ್ ಟೆಂಡರಿನಲ್ಲಿ ಪುಟಕ್ಕೆ ಇಷ್ಟು ಎಂದು ಬರೆಯುವಾಗ ತಿದ್ದಿದ ಪುಟಕ್ಕೂ ಒಂದು ದರ ಹಾಕಲಿ. ಬಿಲ್ ಪಾಸು ಮಾಡುವ ಮುನ್ನ ಪುಸ್ತಕದ ನಡುವಿನ ನಾಲ್ಕು ಪುಟಗಳನ್ನು ಸ್ಕ್ರೀನ್ ರೀಡರ್ ಬಳಸುವವರಿಂದಲೇ ಪರೀಕ್ಷೆ ಮಾಡಿಸಲಿ. ಆ ಕೆಲಸಕ್ಕೆ ಅವರಿಗೂ ಸಂಭಾವನೆ ಕೊಡಲಿ.