ಬೀದರದ ಗೋಸಂಪತ್ತೂ ವಿದ್ಯುತ್ತಿನ ಹೊಸ ವಿದ್ಯೆಯೂ

ಪ್ರಾಣಿಗಳ ಜೀವಕೋಶದೊಳಕ್ಕೆ ಹೊರಗಿನ ವಂಶವಾಹಿಯನ್ನು ವಿದ್ಯುತ್ತಿನ ಬಲದಿಂದ ಸೇರಿಸಬಹುದೆಂಬ ಮಾತು ಹುಮನಾಬಾದ, ಬಸವಕಲ್ಯಾಣಗಳ ಗೃಹಸ್ಥರಿಗೆ ದೂರದೇಶದ ಸುದ್ದಿಯಾಗಿ ತೋರಬಹುದು. ಆದರೆ ಕೊಟ್ಟಿಗೆಯಲ್ಲಿ ದೇವಣಿ ಹಸುವನ್ನು ಕಟ್ಟಿರುವ ಸೀಮೆಗೆ ಇದು ಮನೆಯ ಪ್ರಶ್ನೆಯೇ ಸರಿ.

ವಿದ್ಯೆಯ ತತ್ತ್ವವು ಸರಳವಾದುದು. ಜೀವಕೋಶದ ಸುತ್ತಲೂ ಕೊಬ್ಬಿನ ತೆಳುಪೊರೆಯೊಂದಿರುವುದು. ಡಿಎನ್‌ಎ ಎಳೆಯು ತಾನಾಗಿ ಅದನ್ನು ದಾಟಲಾರದು. ಕೋಶಗಳನ್ನೂ ಡಿಎನ್‌ಎಯನ್ನೂ ಒಂದೇ ದ್ರವದಲ್ಲಿರಿಸಿ, ಎರಡು ಲೋಹಫಲಕಗಳ ನಡುವೆ ಕ್ಷಣಾಂಶ ಮಾತ್ರ ಪ್ರಬಲವಾದ ವಿದ್ಯುತ್ತನ್ನು ಹಾಯಿಸಿದರೆ ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳು ತೆರೆಯುತ್ತವೆ, ಡಿಎನ್‌ಎಗೆ ಒಳದಾರಿಯಾಗುತ್ತದೆ, ಬಳಿಕ ಅವು ಮುಚ್ಚಿಕೊಳ್ಳುತ್ತವೆ. ಅಳತೆ ಮೀರಿದರೆ ಕೋಶವೇ ಸಾಯುವುದು. ೧೯೮೨ರಲ್ಲಿ ಜರ್ಮನಿಯ ಎಬರ್‌ಹಾರ್ಡ್ ನೊಯ್ಮನ್ ಮತ್ತು ಅವರ ಸಂಗಡಿಗರು ಇಲಿಯ ಕೋಶಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು.

ಅಂದಿನ ಪ್ರಯೋಗವು ಇಂದು ಚಿಕಿತ್ಸೆಯಾಗಿದೆ. ಕುಡಗೋಲು ಕಣದ ರಕ್ತಹೀನತೆಗೆ ಬ್ರಿಟನ್, ಅಮೆರಿಕಗಳು ೨೦೨೩ರಲ್ಲಿ ಅಂಗೀಕರಿಸಿದ ‘ಕ್ಯಾಸ್‌ಜೆವಿ’ಯಲ್ಲಿ, ರೋಗಿಯ ರಕ್ತಮೂಲದ ಕೋಶಗಳೊಳಕ್ಕೆ ವಂಶವಾಹಿಯನ್ನು ತಿದ್ದುವ ಸಾಮಗ್ರಿಯನ್ನು ಹೊಗಿಸುವುದು ಇದೇ ವಿದ್ಯುತ್ತು. ಅಮೆರಿಕದಲ್ಲಿ ಅದಕ್ಕೆ ಗೊತ್ತುಮಾಡಿದ ಬೆಲೆ ೨೨ ಲಕ್ಷ ಡಾಲರು! ವಿದ್ಯೆಯನ್ನು ಪರರಿಂದ ಕೊಳ್ಳುವವನು ಬೆಲೆಯನ್ನು ಕಟ್ಟಲಾರನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಂದಿ, ಹಸುಗಳ ಭ್ರೂಣಗಳ ಮೇಲೆಯೂ ಈ ವಿಧಾನದ ಪ್ರಯೋಗಗಳು ನಡೆದಿವೆ. ನಮ್ಮ ದೇಶದಲ್ಲಿಯೇ ೨೦೨೫ರಲ್ಲಿ ಕಾಶ್ಮೀರದ ಕೃಷಿ ವಿಶ್ವವಿದ್ಯಾಲಯದವರು ವಂಶವಾಹಿಯನ್ನು ತಿದ್ದಿದ ಕುರಿಯನ್ನು ಪ್ರಕಟಿಸಿದರು. ನಾಳೆ ಹಸುವಿನ ಸರದಿ ಬಂದೀತು. ಹಿಂದೆ ಹೆಚ್ಚು ಹಾಲಿನ ಆಸೆಯಿಂದ ಪರದೇಶದ ತಳಿಗಳನ್ನು ನಾಟಿ ಹಸುಗಳೊಡನೆ ಬೆರೆಸಿದೆವು. ಹಾಲು ಹೆಚ್ಚಿತು, ನಿಜ. ಆದರೆ ಬಿಸಿಲನ್ನೂ ಬರವನ್ನೂ ತಾಳುವ ಶಕ್ತಿ ಕುಗ್ಗಿತು. ಹಾಲಿಗೂ ನೇಗಿಲಿಗೂ ಒದಗುವ ದೇವಣಿಯ ವಿಷಯದಲ್ಲಿ ಆ ಪಾಠವನ್ನು ಮರೆಯಲಾಗದು.

ಹೊಸ ವಿದ್ಯೆಯನ್ನು ತಡೆಯಬೇಕೆಂಬುದು ನಮ್ಮ ವಾದವಲ್ಲ. ರೋಗನಿರೋಧಕ್ಕೆ ಅದು ನೆರವಾದರೆ ಸ್ವಾಗತಾರ್ಹವೇ. ಆದರೆ ಅದರ ಗುಣದೋಷಗಳನ್ನು ತೂಗುವ ಅಧಿಕಾರವು ಹಸು ಸಾಕುವವನಿಗೂ ಇರಬೇಕು. ವಂಶವಾಹಿ ಮಾರ್ಪಾಟಿನ ಪ್ರಯೋಗಗಳಿಗೆ ಕೇಂದ್ರ ಸರಕಾರದವರು ೧೯೮೯ರಲ್ಲಿಯೇ ನಿಯಮಗಳನ್ನು ಮಾಡಿರುವರು; ತಿಳಿಯದ ಭಾಷೆಯ ನಿಯಮವಾದರೋ ರೈತನ ಪಾಲಿಗೆ ಇದ್ದೂ ಇಲ್ಲದಂತೆ.

ಪಶುವಿಜ್ಞಾನದ ವಿಶ್ವವಿದ್ಯಾಲಯವು ಬೀದರದಲ್ಲಿಯೇ ಇರುವುದು ಈ ಜಿಲ್ಲೆಯ ಭಾಗ್ಯ. ಅಲ್ಲಿಯ ಪಂಡಿತರು ಹುಮನಾಬಾದದ ಸಂತೆಗೂ ಬಸವಕಲ್ಯಾಣದ ಸಭೆಗೂ ಬಂದು ಈ ವಿದ್ಯೆಯನ್ನು ತಿಳಿಗನ್ನಡದಲ್ಲಿ ವಿವರಿಸಲಿ. ರೈತರ ಪ್ರಶ್ನೆಗಳನ್ನು ಬರೆದುಕೊಳ್ಳಲಿ. ದೇವಣಿಯ ಶುದ್ಧ ತಳಿಯನ್ನು ಮೊದಲು ಭದ್ರಪಡಿಸಲಿ. ಹನ್ನೆರಡನೆಯ ಶತಮಾನದಲ್ಲಿ ಕಾಯಕದ ಜನರು ಪರತತ್ತ್ವವನ್ನು ಕನ್ನಡದಲ್ಲಿ ಚರ್ಚಿಸಿದುದು ಇದೇ ಕಲ್ಯಾಣದಲ್ಲಿ. ಅಂಥ ನೆಲದಲ್ಲಿ ಜೀವಕೋಶದ ಬಾಗಿಲು ತೆರೆದು, ತಿಳಿವಿನ ಬಾಗಿಲು ಮುಚ್ಚಿರುವುದು ನಮಗೆ ಶೋಭಿಸದು.