ಕಾಲದ ಜರಡಿ ಅನ್ನೋ ಬೊಗಳೆ

ಪುಸ್ತಕದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನ ಹೇಳೇ ಹೇಳ್ತಾರೆ. "ಕಾಲ ಅನ್ನೋದು ದೊಡ್ಡ ಜರಡಿ ಕಣ್ರೀ. ಗಟ್ಟಿ ಇರೋದು ಮೇಲೆ ಉಳಿಯುತ್ತೆ, ಪುಡಿಯೆಲ್ಲ ಉದುರಿಹೋಗುತ್ತೆ." ಕೇಳೋಕೆ ಎಷ್ಟು ಚೆಂದ! ಹೇಳಿದವರಿಗೆ ಒಂದು ಲಾಭವೂ ಇದೆ. ಉದುರಿಹೋದದ್ದನ್ನ ಓದೋ ಕಷ್ಟ ತಪ್ಪಿತು. ಅದು ಹೋಗಬೇಕಾದದ್ದೇ, ಹೋಯ್ತು. ಮುಗೀತಲ್ಲ?

ಇಲ್ಲ ಸ್ವಾಮಿ, ಮುಗೀಲಿಲ್ಲ. ಈ ಜರಡಿ ಹಿಡಿಯೋ ಕೈ ಯಾರದ್ದು ಅಂತ ಸ್ವಲ್ಪ ನೋಡೋಣ. ಅದಕ್ಕೆ ಅಮೆರಿಕದ ಪತ್ತೇದಾರಿ ಪಲ್ಪ್ ಪತ್ರಿಕೆಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಯಾಕಂದ್ರೆ ಅಲ್ಲಿ ಹುಟ್ಟಿದ್ದೂ ಜಾಸ್ತಿ, ಸತ್ತಿದ್ದೂ ಜಾಸ್ತಿ.

ಗೊತ್ತಿಲ್ಲದವರಿಗೆ ಎರಡು ಮಾತು. ಮರದ ತಿರುಳಿನಿಂದ ಮಾಡಿದ ಅಗ್ಗದ, ಒರಟು ಕಾಗದದ ಮೇಲೆ ಅಚ್ಚಾಗುತ್ತಿದ್ದ ಕಥಾ ಪತ್ರಿಕೆಗಳಿಗೆ ಪಲ್ಪ್ ಅಂತ ಹೆಸರು ಬಂತು. 1896ರಲ್ಲಿ 'ಆರ್ಗಸಿ' ಈ ದಾರಿ ತೋರಿಸಿತು. 1915ರಲ್ಲಿ ಸ್ಟ್ರೀಟ್ ಅಂಡ್ ಸ್ಮಿತ್ ಪ್ರಕಾಶನದವರು ಬರೀ ಪತ್ತೇದಾರಿ ಕಥೆಗಳಿಗೇ ಮೀಸಲಾದ 'ಡಿಟೆಕ್ಟಿವ್ ಸ್ಟೋರಿ ಮ್ಯಾಗಜೀನ್' ತಂದರು. ಆಮೇಲೆ ಶುರುವಾಯ್ತು ನೋಡಿ ಸುಗ್ಗಿ. ಇಪ್ಪತ್ತು, ಮೂವತ್ತರ ದಶಕಗಳಲ್ಲಿ ಡಜನ್‌ಗಟ್ಟಲೆ ಹೆಸರುಗಳು ಬಂದವು, ಹೋದವು. ಕೆಲವು ಮೂವತ್ತು ವರ್ಷ ಬದುಕಿದವು. ಕೆಲವು ಒಂದೇ ತಿಂಗಳು! ಪಾಪ್ಯುಲರ್ ಪಬ್ಲಿಕೇಷನ್ಸ್ ಅನ್ನೋ ಸಂಸ್ಥೆ 1939ರಲ್ಲಿ 'ದಿ ಆಕ್ಟೋಪಸ್' ಅಂತ ಒಂದು ಪತ್ರಿಕೆ ತಂತು. ಒಂದೇ ಸಂಚಿಕೆ. ಅದೇ ವರ್ಷ 'ದಿ ಸ್ಕಾರ್ಪಿಯನ್' ಅಂತ ಇನ್ನೊಂದು. ಅದೂ ಒಂದೇ ಸಂಚಿಕೆ. ಇದೇ ಸಂಸ್ಥೆಯ 'ಡಾಕ್ಟರ್ ಯೆನ್ ಸಿನ್' 1936ರಲ್ಲಿ ಮೂರು ಸಂಚಿಕೆಗೆ ಕಣ್ಣು ಮುಚ್ಚಿತ್ತು.

ಜರಡಿವಾದಿಗಳು ಇಲ್ಲಿ ತಕ್ಷಣ 'ಬ್ಲ್ಯಾಕ್ ಮಾಸ್ಕ್' ಹೆಸರು ತೆಗೀತಾರೆ. "ನೋಡ್ರಿ, ಅದು 1920ರಿಂದ 1951ರವರೆಗೆ ಬಾಳಿತು. ಹ್ಯಾಮೆಟ್ ಅಲ್ಲೇ ಬರೆದ, ಚಾಂಡ್ಲರ್ ಅಲ್ಲೇ ಬರೆದ. ಗಟ್ಟಿ ಇದ್ದಿದ್ದು ಉಳೀತು." ಸರಿ, ಆ ಬ್ಲ್ಯಾಕ್ ಮಾಸ್ಕನ್ನೇ ನೋಡೋಣ.

ಅದನ್ನ ಶುರು ಮಾಡಿದವರು ಎಚ್. ಎಲ್. ಮೆಂಕೆನ್ ಮತ್ತು ಜಾರ್ಜ್ ಜೀನ್ ನೇಥನ್. ಇಬ್ಬರೂ ದೊಡ್ಡ ವಿಮರ್ಶಕರು. ಅವರ ಪ್ರೀತಿಯ ಪತ್ರಿಕೆ 'ದಿ ಸ್ಮಾರ್ಟ್ ಸೆಟ್' ನಷ್ಟದಲ್ಲಿತ್ತು. ಅದನ್ನ ಸಾಕೋಕೆ ದುಡ್ಡು ಬೇಕಿತ್ತು, ಅದಕ್ಕೆ ಬ್ಲ್ಯಾಕ್ ಮಾಸ್ಕ್. ಅಷ್ಟೇ. ಎಂಟು ಸಂಚಿಕೆ ಆದಮೇಲೆ 12,500 ಡಾಲರಿಗೆ ಮಾರಿ ಕೈ ತೊಳೆದುಕೊಂಡರು. ಆ ಎಂಟು ಸಂಚಿಕೆಗಳಲ್ಲಿ ಪತ್ತೇದಾರಿ, ಸಾಹಸ, ಪ್ರೇಮ, ಪ್ರೇತ ಎಲ್ಲದರ ಕಲಸುಮೇಲೋಗರ. ಹ್ಯಾಮೆಟ್ ಇನ್ನೂ ಬಂದಿರಲಿಲ್ಲ. ಅವನ 'ಕಾಂಟಿನೆಂಟಲ್ ಆಪ್' ಕಾಣಿಸಿಕೊಂಡಿದ್ದು 1923ರ ಅಕ್ಟೋಬರಿನಲ್ಲಿ. ಪತ್ರಿಕೆಗೆ ಹೆಸರು ತಂದ ಸಂಪಾದಕ ಜೋಸೆಫ್ ಷಾ ಬಂದಿದ್ದು 1926ರಲ್ಲಿ. 'ದಿ ಮಾಲ್ಟೀಸ್ ಫಾಲ್ಕನ್' ಧಾರಾವಾಹಿಯಾಗಿ ಬಂದಿದ್ದು 1929ರ ಸೆಪ್ಟೆಂಬರಿನಿಂದ 1930ರ ಜನವರಿವರೆಗೆ. ಚಾಂಡ್ಲರನ ಮೊದಲ ಕಥೆ 1933ರ ಡಿಸೆಂಬರಿನಲ್ಲಿ. ಆಗ ಆತ 45 ವರ್ಷದ, ತೈಲ ಕಂಪನಿಯ ಕೆಲಸ ಕಳೆದುಕೊಂಡ ಮನುಷ್ಯ.

ಈಗ ಹೇಳಿ. ಎಂಟನೇ ಸಂಚಿಕೆ ಆದಮೇಲೆ ಕೊಳ್ಳೋಕೆ ಯಾರೂ ಸಿಗದೆ ಮೆಂಕೆನ್ ಅಂಗಡಿ ಮುಚ್ಚಿದ್ದಿದ್ರೆ? ಬ್ಲ್ಯಾಕ್ ಮಾಸ್ಕ್ ಕೂಡ ಆ 'ಅಲ್ಪಾಯುಷಿ ಪತ್ರಿಕೆ'ಗಳ ಪಟ್ಟಿಯಲ್ಲಿ ಒಂದು ಸಾಲು ಆಗ್ತಿತ್ತು. ಜರಡಿವಾದಿಗಳು "ನೋಡ್ರಿ, ಪುಡಿ ಉದುರಿತು" ಅಂತಿದ್ರು. ಕಾಲಕ್ಕಿಂತ ಮುಂಚೆ ಅದನ್ನ ಪುಡಿ ಅಂದವರು ಹುಟ್ಟಿಸಿದ ಅಪ್ಪಂದಿರೇ! ಅದು ಉಳಿದಿದ್ದು ಗಿರಾಕಿ ಸಿಕ್ಕಿದ್ದರಿಂದ. ಗಟ್ಟಿಯಾಗಿದ್ದು ಉಳಿದ ಮೇಲೆ.

ಇನ್ನು ನನ್ನ ಮೆಚ್ಚಿನ ಸಾಕ್ಷಿ, 'ಮಿಸ್ಟರಿ ಲೀಗ್'. 1933ರ ಅಕ್ಟೋಬರಿನಲ್ಲಿ ಶುರು, 1934ರ ಜನವರಿಯಲ್ಲಿ ಸಮಾಪ್ತಿ. ಒಟ್ಟು ನಾಲ್ಕು ಸಂಚಿಕೆ. ದೇಶಕ್ಕೆ ದೇಶವೇ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ಕಾಲ. ಸಂಪಾದಕ ಎಲ್ಲರಿ ಕ್ವೀನ್, ಅಂದ್ರೆ ಆ ಹೆಸರಲ್ಲಿ ಜೊತೆಯಾಗಿ ಬರೀತಿದ್ದ ಫ್ರೆಡ್ರಿಕ್ ಡ್ಯಾನೇ ಮತ್ತು ಮ್ಯಾನ್‌ಫ್ರೆಡ್ ಲೀ. ಮೊದಲ ಸಂಚಿಕೆಯಲ್ಲೇ ಹ್ಯಾಮೆಟ್‌ನ ಕಥೆಯಿತ್ತು. ನಾಲ್ಕೇ ತಿಂಗಳಿಗೆ ಸೋತರು. ಜರಡಿಯ ಲೆಕ್ಕದಲ್ಲಿ ಇದು ಶುದ್ಧ ಪುಡಿ, ಅಲ್ವಾ?

ಆದ್ರೆ ಅದೇ ಡ್ಯಾನೇ 1941ರಲ್ಲಿ ಮತ್ತೆ ಎದ್ದು 'ಎಲ್ಲರಿ ಕ್ವೀನ್ಸ್ ಮಿಸ್ಟರಿ ಮ್ಯಾಗಜೀನ್' ಕಟ್ಟಿದ. 1982ರಲ್ಲಿ ಸಾಯೋವರೆಗೂ ಅದರ ಸಂಪಾದಕನಾಗಿದ್ದ. ಅವನು ಮಾಡಿದ ಇನ್ನೊಂದು ಕೆಲಸ ನೋಡಿ. ಹಳೇ ಪತ್ರಿಕೆಗಳಲ್ಲಿ ಹೂತುಹೋಗಿದ್ದ ಹ್ಯಾಮೆಟ್ ಕಥೆಗಳನ್ನ ಒಂದೊಂದಾಗಿ ಹೆಕ್ಕಿ, ನಲವತ್ತರ ದಶಕದಲ್ಲಿ ಪುಸ್ತಕಗಳಾಗಿ ತಂದ. ಹ್ಯಾಮೆಟ್ ತಾನಾಗೇ ಆ ಕಥೆಗಳನ್ನ ಒಟ್ಟುಮಾಡಿರಲಿಲ್ಲ. ಅಂದ್ರೆ ಇವತ್ತು ನಾವು ಕಾಲ ಉಳಿಸಿದ್ದು ಅಂತ ಓದೋ ಎಷ್ಟೋ ಕಥೆಗಳನ್ನ ಕಾಲ ಉಳಿಸಲಿಲ್ಲ. ನಾಲ್ಕು ಸಂಚಿಕೆಗೆ ಪತ್ರಿಕೆ ಮುಚ್ಚಿದ ಒಬ್ಬ ಹುಚ್ಚ ಉಳಿಸಿದ.

ಸರಿ, ಹಾಗಾದ್ರೆ ಈ ಪತ್ರಿಕೆಗಳು ಸತ್ತಿದ್ದು ಯಾಕೆ? ಕೆಟ್ಟ ಕಥೆಗಳಿಂದ ಅನ್ನೋರು ಈ ಪಟ್ಟಿ ನೋಡಿ.

ಒಂದು, ಕಾಗದ. ತಿರುಳು ಕಾಗದದಲ್ಲಿ ಲಿಗ್ನಿನ್ ಇರುತ್ತೆ, ಜೊತೆಗೆ ಆಮ್ಲ. ಗಾಳಿ ಬೆಳಕಿಗೆ ಹಳದಿಯಾಗಿ, ಹಪ್ಪಳದ ಹಾಗೆ ಮುರಿದು, ಕೊನೆಗೆ ನಿಜಕ್ಕೂ ಪುಡಿಯಾಗುತ್ತೆ. ಚಾಂಡ್ಲರನ ಪುಟವೂ ಪುಡಿಯಾಗುತ್ತೆ, ಕೈಲಾಗದವನ ಪುಟವೂ ಪುಡಿಯಾಗುತ್ತೆ. ರಸಾಯನಶಾಸ್ತ್ರಕ್ಕೆ ಸಾಹಿತ್ಯ ವಿಮರ್ಶೆ ಬರಲ್ಲ.

ಎರಡು, ಯುದ್ಧ. ಎರಡನೇ ಮಹಾಯುದ್ಧದಲ್ಲಿ ಕಾಗದಕ್ಕೆ ಪಡಿತರ ಬಂತು, ಪ್ರಕಾಶಕರು ಕೈಗೆ ಸಿಕ್ಕ ಹೆಸರುಗಳನ್ನ ಕತ್ತರಿಸಿದರು. ಮನೆಮನೆಯಿಂದ ರದ್ದಿ ಸಂಗ್ರಹಿಸೋ ಅಭಿಯಾನಗಳೂ ನಡೆದವು. ಹಳೇ ಪತ್ರಿಕೆಗಳ ರಾಶಿ ಹೋಗಿದ್ದು ಆ ರದ್ದಿಗೇ.

ಮೂರು, ವ್ಯಾಪಾರ. 1939ರಲ್ಲಿ 25 ಸೆಂಟಿನ ಪಾಕೆಟ್ ಬುಕ್ಸ್ ಬಂತು, ಕಾಮಿಕ್ಸ್ ಬಂತು, ಟೀವಿ ಬಂತು. 1949ರಲ್ಲಿ ಸ್ಟ್ರೀಟ್ ಅಂಡ್ ಸ್ಮಿತ್ ತನ್ನ ಬಹುತೇಕ ಪಲ್ಪ್‌ಗಳನ್ನ ಒಂದೇ ಏಟಿಗೆ ನಿಲ್ಲಿಸಿತು. 1915ರ ಆ ಡಿಟೆಕ್ಟಿವ್ ಸ್ಟೋರಿಯೂ ಅಲ್ಲಿಗೆ ಮುಗೀತು. 1957ರಲ್ಲಿ ದೇಶಕ್ಕೆಲ್ಲ ಪತ್ರಿಕೆ ಹಂಚುತ್ತಿದ್ದ ಅಮೆರಿಕನ್ ನ್ಯೂಸ್ ಕಂಪನಿ ಹಂಚಿಕೆ ನಿಲ್ಲಿಸಿದಾಗ ಅಳಿದುಳಿದ ಎಷ್ಟೋ ಸಣ್ಣ ಪತ್ರಿಕೆಗಳು ಅಂಗಡಿ ಮುಟ್ಟೋ ದಾರಿಯನ್ನೇ ಕಳಕೊಂಡವು.

ಇದರಲ್ಲಿ ಎಲ್ಲಾದರೂ ಕಥೆ ಚೆನ್ನಾಗಿದೆಯೋ ಇಲ್ಲವೋ ಅನ್ನೋ ಪ್ರಶ್ನೆ ಬಂತಾ? ಸರ್ವರ್ ಸುಟ್ಟುಹೋದಾಗ ಬ್ಯಾಕಪ್ ಇದ್ದ ಫೈಲ್ ಉಳಿಯುತ್ತೆ, ಇಲ್ಲದ್ದು ಹೋಗುತ್ತೆ. ಉಳಿದ ಫೈಲೇ ಶ್ರೇಷ್ಠ ಕೋಡ್ ಅಂತ ನಮ್ಮ ಆಫೀಸಲ್ಲಿ ಯಾರಾದ್ರೂ ಅಂದ್ರೆ ನಕ್ಕು ಟೀ ಕುಡಿಯೋಕೆ ಎದ್ದು ಹೋಗ್ತೀವಿ. ಸಾಹಿತ್ಯದಲ್ಲಿ ಮಾತ್ರ ಅದೇ ಮಾತಿಗೆ ತಲೆದೂಗ್ತೀವಿ :)

"ಆದರೂ ಅದು ಕೀಳು ಅಭಿರುಚಿಯವರ ಓದು" ಅನ್ನೋರು ಇದ್ದಾರೆ. ಅವರಿಗೆ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ವಿಷಯ ಹೇಳಬೇಕು. ಇಪ್ಪತ್ತನೇ ಶತಮಾನದ ಅತಿ ದೊಡ್ಡ ತತ್ವಜ್ಞಾನಿಗಳಲ್ಲಿ ಒಬ್ಬ. ಆತ ಸ್ಟ್ರೀಟ್ ಅಂಡ್ ಸ್ಮಿತ್‌ನ ಪತ್ತೇದಾರಿ ಪತ್ರಿಕೆಗಳ ಕಟ್ಟಾ ಓದುಗ. ಇಂಗ್ಲೆಂಡಿನಲ್ಲಿ ಸಿಗದೆ ಇದ್ದಾಗ ಅವನ ಶಿಷ್ಯ ನಾರ್ಮನ್ ಮಾಲ್ಕಂ ಅಮೆರಿಕದಿಂದ ಕಳಿಸಿಕೊಡ್ತಿದ್ದ. ತತ್ವಶಾಸ್ತ್ರದ ಪ್ರತಿಷ್ಠಿತ ಪತ್ರಿಕೆ 'ಮೈಂಡ್'ಗಿಂತ ಇವೇ ಮೇಲು ಅನ್ನೋದು ಅವನ ಅಭಿಪ್ರಾಯ. 1948ರಲ್ಲಿ ಮಾಲ್ಕಂಗೆ ಬರೆದ ಪತ್ರದಲ್ಲಿ ನಾರ್ಬರ್ಟ್ ಡೇವಿಸ್ ಅನ್ನೋ ಪತ್ತೇದಾರಿ ಲೇಖಕನ ಬಗ್ಗೆ ವಿಚಾರಿಸಿದ್ದಾನೆ. ಅವನ ಪುಸ್ತಕ ಅಷ್ಟು ಹಿಡಿಸಿತ್ತು, ಧನ್ಯವಾದ ಹೇಳಿ ಒಂದು ಕಾಗದ ಬರೀಬೇಕು ಅನ್ನೋ ಆಸೆ.

ಡೇವಿಸ್ ಬ್ಲ್ಯಾಕ್ ಮಾಸ್ಕ್, ಡೈಮ್ ಡಿಟೆಕ್ಟಿವ್‌ಗಳಲ್ಲಿ ಬರೆದವನು. ಕೊಲೆಯ ಕಥೆಯಲ್ಲೂ ನಗಿಸೋ ಕಲೆ ಗೊತ್ತಿದ್ದವನು. 1949ರಲ್ಲಿ, 40ನೇ ವಯಸ್ಸಿಗೆ, ಆತ್ಮಹತ್ಯೆ ಮಾಡಿಕೊಂಡ. ಜಗತ್ತಿನ ಅತಿ ಕಟ್ಟುನಿಟ್ಟಿನ ಓದುಗನೊಬ್ಬ ತನ್ನನ್ನ ಹುಡುಕುತ್ತಿದ್ದಾನೆ ಅನ್ನೋದು ಆ ಮನುಷ್ಯನಿಗೆ ತಿಳಿದಿದ್ದಿದ್ರೆ... ಹೋಗಲಿ ಬಿಡಿ. ಇವತ್ತು ಹ್ಯಾಮೆಟ್ ಹೆಸರು ಕೇಳಿದ ಹತ್ತು ಜನರಲ್ಲಿ ಒಬ್ಬರಿಗಾದರೂ ಡೇವಿಸ್ ಗೊತ್ತಾ? ಜರಡಿಗೆ ವಿಟ್‌ಗೆನ್‌ಸ್ಟೈನ್‌ಗಿಂತ ಹೆಚ್ಚು ಬುದ್ಧಿ ಇದೆ ಅಂತ ನೀವು ನಂಬೋದಾದ್ರೆ ನಿಮಗೊಂದು ದೊಡ್ಡ ನಮಸ್ಕಾರ.

ಹಾಗಂತ ಎಲ್ಲವೂ ರತ್ನ ಅಂತ ನಾನು ಹೇಳ್ತಿಲ್ಲ. ಕಸ ರಾಶಿ ಇತ್ತು. ಆ ಡಾಕ್ಟರ್ ಯೆನ್ ಸಿನ್ ಪೂರ್ತಿ ಚೀನೀಯರ ಮೇಲಿನ ದ್ವೇಷದ ಮೇಲೆ ನಿಂತಿತ್ತು. ಅಷ್ಟೇಕೆ, ಮೂವತ್ತೊಂದು ವರ್ಷ ಬಾಳಿದ ಬ್ಲ್ಯಾಕ್ ಮಾಸ್ಕೇ 1923ರ ಜೂನ್‌ನಲ್ಲಿ ಕು ಕ್ಲಕ್ಸ್ ಕ್ಲಾನ್ ಬಗ್ಗೆ ವಿಶೇಷ ಸಂಚಿಕೆ ತಂದಿತ್ತು. ಹೆಣ್ಣು ಅಂದ್ರೆ ಮುಖಪುಟದಲ್ಲಿ ಕಿರುಚೋಕೆ ಮಾತ್ರ ಅನ್ನೋ ಹಾಗೆ ಬರೆದ ಕಥೆಗಳಿಗೆ ಲೆಕ್ಕವಿಲ್ಲ. ಆದ್ರೆ ಗಮನಿಸಿ, ಕಸ ಬರೀ ಅಲ್ಪಾಯುಷಿಗಳಲ್ಲಿ ಇರಲಿಲ್ಲ, ದೀರ್ಘಾಯುಷಿಗಳಲ್ಲೂ ಇತ್ತು. ಕಸವನ್ನ ಕಸ ಅನ್ನೋಕೆ ಅದನ್ನ ಓದಬೇಕು. ಓದೋಕೆ ಅದು ಇರಬೇಕು. ಇಲ್ಲದಿದ್ರೆ ನಾವು ಮಾಡ್ತಿರೋದು ವಿಮರ್ಶೆ ಅಲ್ಲ, ಊಹೆ.

ಇನ್ನೊಂದು ಮಾತು. ಈ ಸತ್ತ ಪತ್ರಿಕೆಗಳೇ ಬದುಕಿದ ಲೇಖಕರಿಗೆ ಅನ್ನ ಹಾಕಿದ್ದು. ಪದಕ್ಕೆ ಒಂದು ಸೆಂಟ್ ಆಗಿನ ಸಾಮಾನ್ಯ ಸಂಭಾವನೆ. ಚಾಂಡ್ಲರ್ ಮೊದಲ ಕಥೆಗೆ ಐದು ತಿಂಗಳು ಒದ್ದಾಡಿ ಗಳಿಸಿದ್ದು 180 ಡಾಲರ್. 1939ರ 'ದಿ ಬಿಗ್ ಸ್ಲೀಪ್' ಕಟ್ಟಿದ್ದು ಬ್ಲ್ಯಾಕ್ ಮಾಸ್ಕ್‌ನ ತನ್ನದೇ ಹಳೇ ಕಥೆಗಳನ್ನ ಬಿಚ್ಚಿ, ಹೊಲಿದು. ಒಂದು ಪತ್ರಿಕೆ ತಿರುಗಿ ಕಳಿಸಿದ ಕಥೆಯನ್ನ ಇನ್ನೊಂದಕ್ಕೆ ಕಳಿಸಬಹುದಿತ್ತು. ಹತ್ತು ಬಾಗಿಲು ಇದ್ದಾಗ ಮಾತ್ರ ಹನ್ನೊಂದನೆಯದನ್ನ ತಟ್ಟೋ ಧೈರ್ಯ ಬರುತ್ತೆ. ಮೂರೇ ಸಂಚಿಕೆ ತೆರೆದಿದ್ದ ಬಾಗಿಲೂ ತೆರೆದಿದ್ದಷ್ಟು ದಿನ ಬಾಗಿಲೇ.

ಇಷ್ಟೆಲ್ಲ ಅಮೆರಿಕದ ಪುರಾಣ ನಮಗ್ಯಾಕೆ ಅಂತೀರಾ? ನಮ್ಮಲ್ಲೂ ಇದೇ ಜರಡಿ ಆಡ್ತಿದೆ, ಅದಕ್ಕೆ. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮನ ಸಾಹಸ' ಬಂದಿದ್ದು 1952ರಲ್ಲಿ. ಆಮೇಲೆ 500ಕ್ಕೂ ಹೆಚ್ಚು ಕಾದಂಬರಿ ಬರೆದರು, 2011ರಲ್ಲಿ ತೀರಿಕೊಂಡರು. ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋಗಿ ಚಿಂದಿಯಾದ ಪುಸ್ತಕಗಳು ಅವು. ಅಂದ್ರೆ ಜನ ಓದಿದ್ದಕ್ಕೇ ಸವೆದು ಹೋದವು. ಯಾರೂ ಮುಟ್ಟದ ಪುಸ್ತಕ ಬೀರುವಿನಲ್ಲಿ ನೂರು ವರ್ಷ ಗಟ್ಟಿಯಾಗಿ ಇರುತ್ತೆ! ಇದು ಯಾವ ಸೀಮೆಯ ಜರಡಿ ಸ್ವಾಮಿ? ಆ ಐನೂರರಲ್ಲಿ ಐವತ್ತರ ಹೆಸರನ್ನ ವರ್ಷದ ಸಮೇತ ಬರೆದಿಟ್ಟ ಪಟ್ಟಿ ನಿಮ್ಮಲ್ಲಿ ಯಾರ ಹತ್ರ ಇದೆ?

ಹಾಗಾಗಿ ಬ್ಲಾಗಿಗ ಮಿತ್ರರೇ, ನನ್ನದು ಒಂದೇ ಕೋರಿಕೆ. ಕಾಪಿರೈಟ್ ಇರೋ ಪುಸ್ತಕ ಸ್ಕ್ಯಾನ್ ಮಾಡಿ ಹಂಚಿ ಅಂತ ನಾನು ಹೇಳ್ತಿಲ್ಲ. ಅಜ್ಜನ ಮನೆ ಅಟ್ಟದಲ್ಲೋ, ಹಳೇ ಪುಸ್ತಕದಂಗಡಿಯಲ್ಲೋ ಒಂದು ಪತ್ತೇದಾರಿ ಪುಸ್ತಕ, ನಿಂತುಹೋದ ಒಂದು ಕಥಾ ಪತ್ರಿಕೆ ಸಿಕ್ಕರೆ ಹೆಸರು, ಲೇಖಕ, ಪ್ರಕಾಶಕ, ವರ್ಷ, ಬೆಲೆ, ಇಷ್ಟನ್ನ ನಿಮ್ಮ ಬ್ಲಾಗಲ್ಲಿ ಬರೆದು ಹಾಕಿ. ಓದಿ ಬೈಯೋದಾದ್ರೆ ಧಾರಾಳವಾಗಿ ಬೈಯಿರಿ, ಓದದೆ ಮಾತ್ರ ಬೇಡ. ಹತ್ತು ನಿಮಿಷದ ಕೆಲಸ. ಡ್ಯಾನೇ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ, ಜೀವಮಾನ ಪೂರ್ತಿ.

ಕಾಲ ಯಾವುದನ್ನೂ ಆರಿಸಿ ಇಡಲ್ಲ. ಅದಕ್ಕೆ ಗೊತ್ತಿರೋದು ಕಾಗದವನ್ನ ಪುಡಿ ಮಾಡೋದು ಮಾತ್ರ. ಇಟ್ಟುಕೊಳ್ಳೋ ಕೆಲಸ ನಮ್ಮದು.

ಏನಂತೀರಾ?