ಅಂಚಿನಲ್ಲಿ ನಿಂತವರ ಮುಖ

ಈ ತಿಂಗಳು ಛಾಯಾಚಿತ್ರದ ವಿಷಯವೊಂದನ್ನು ತಮ್ಮ ಮುಂದಿಡುತ್ತಿದ್ದೇವೆ. ಮಠದಲ್ಲಿ ವ್ಯಾಕರಣವನ್ನೂ ವಚನಶಾಸ್ತ್ರವನ್ನೂ ಓದಿದವರಿಗೆ ಕ್ಯಾಮರಾದ ಗೊಡವೆ ಏಕೆಂದು ಕೆಲವರು ಕೇಳಿಯಾರು. ಕಾರಣವುಂಟು.

ಬನಹಟ್ಟಿಯ ಒಂದು ನೇಕಾರ ಮನೆತನದ ಹಿರಿಯರು ಲಿಂಗೈಕ್ಯರಾದರು. ಶಿವಗಣಾರಾಧನೆಯ ದಿನ ಇರಿಸಲು ಭಾವಚಿತ್ರ ಬೇಕಾಯಿತು. ಅವರಾದರೋ ಒಬ್ಬರೇ ಎಂದೂ ಚಿತ್ರ ತೆಗೆಸಿಕೊಂಡವರಲ್ಲ. ಮೊಮ್ಮಗಳ ಮದುವೆಯ ಸಮೂಹಚಿತ್ರವೊಂದೇ ಇದ್ದಿತು. ಅದರಲ್ಲಿಯೂ ನಡುವಣ ಕುರ್ಚಿಯನ್ನು ಜಂಗಮರಿಗೆ ಬಿಟ್ಟುಕೊಟ್ಟು ತಾವು ಸಾಲಿನ ಕಟ್ಟಕಡೆಗೆ ನಿಂತಿದ್ದರು. ಆ ಮುಖವನ್ನು ದೊಡ್ಡದು ಮಾಡಿಸಿ ತಂದಾಗ ಹಿರಿಯ ಮಗಳು, "ಅಜ್ಜಾರ, ಇದು ನಮ್ಮಪ್ಪನ ಮುಖ ಅಲ್ಲರಿ" ಎಂದು ಕಣ್ಣೀರು ತಂದಳು. ಕೃಶವದನರಾಗಿದ್ದ ಹಿರಿಯರು ಅಲ್ಲಿ ಊದಿಕೊಂಡವರಂತೆ ತೋರುತ್ತಿದ್ದುದು ದಿಟ. ಆಗಲೇ ಬಾವು ಬಂದಿದ್ದಿತೇ, ನಾವಾರೂ ಗಮನಿಸಲಿಲ್ಲವೇ ಎಂಬ ಅಳಲು ಆ ಮನೆಯಲ್ಲಿ ಹುಟ್ಟಿಕೊಂಡಿತು.

ಮೊದಲು ನಮಗೂ ಬಗೆಹರಿಯಲಿಲ್ಲ. ಬಳಿಕ ಚಿತ್ರದ ಇನ್ನೊಂದು ಕೊನೆಯಲ್ಲಿದ್ದ ಬಾಲಕನನ್ನು ನೋಡಿದೆವು. ಅವನ ತಲೆಯೂ ಅಗಲವಾಗಿದ್ದಿತು. ಹುಡುಗನೋ ಕಡ್ಡಿಯಂತೆ ನಮ್ಮೆದುರಿಗೇ ನಿಂತಿದ್ದನು. ರೋಗ ಮುಖದಲ್ಲಿರಲಿಲ್ಲ, ಚಿತ್ರದಲ್ಲಿದ್ದಿತು. ಮಗ್ಗದ ಮನೆಯ ಅಂಗಳ ಕಿರಿದು, ಜನ ಬಹಳ. ಹಿಂದೆ ಸರಿಯಲು ಸ್ಥಳವಿಲ್ಲದೆ ಛಾಯಾಗ್ರಾಹಕನು 24 ಮಿಲಿಮೀಟರಿನ ವಿಶಾಲಕೋನ ಮಸೂರವನ್ನು ಬಳಸಿದ್ದನು.

ಮಸೂರವೆಂಬ ಹೆಸರು ಆ ಕಾಳಿನ ಆಕಾರದಿಂದಲೇ ಬಂದುದು. ಲ್ಯಾಟಿನ್ನಿನ ಲೆನ್ಸ್ ಎಂಬುದಕ್ಕೂ ಅದೇ ಅರ್ಥ. ಉಬ್ಬಿದ ಗಾಜಿನ ಅಂಚಿನಿಂದ ಬಂದ ಕಿರಣವು ನಡುವಣ ಕಿರಣ ಸೇರುವಲ್ಲಿಯೇ ಸೇರುವುದಿಲ್ಲ. ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ಬಾಗುತ್ತದೆ. ವಿಶಾಲಕೋನದಲ್ಲಿ ಕಿರಣಗಳು ಬಹಳ ಓರೆಯಾಗಿ ಬರುವುದರಿಂದ ಇಂಥ ದೋಷಗಳು ಮೂಲೆಗಳಲ್ಲಿ ಬಲಿಯುತ್ತವೆ. ಕಾರ್ತಿಕ ದೀಪೋತ್ಸವದ ಚಿತ್ರಗಳನ್ನು ನೋಡಿರಿ: ನಡುವಣ ಹಣತೆ ಚುಕ್ಕೆಯಂತೆ, ಮೂಲೆಯ ಹಣತೆಗೆ ರೆಕ್ಕೆ! ಕ್ಯಾಮರಾದ ರಂಧ್ರವನ್ನು ಎಫ್ 8ರವರೆಗೆ ಕಿರಿದುಗೊಳಿಸಿದರೆ ಆ ರೆಕ್ಕೆ ಬಹುಮಟ್ಟಿಗೆ ಉದುರುತ್ತದೆ. ಆದರೆ ಅಂಚಿನವರ ಹಣೆಯ ವಿಭೂತಿಗೆ ಒಂದು ತುದಿಯಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ ಅಂಟುವುದು, ನೆಟ್ಟಗಿನ ಕಂಬ ಪೀಪಾಯಿಯಂತೆ ಹೊರಬಾಗುವುದು ಇವು ರಂಧ್ರ ಕಿರಿದಾದರೂ ಹೋಗವು. ಹಲವು ಬಗೆಯ ಗಾಜುಗಳನ್ನು ಜೋಡಿಸಿ ತಯಾರಕರೇ ಅವನ್ನು ತಗ್ಗಿಸಬೇಕು.

ಹಿರಿಯರ ಮುಖ ಅಗಲವಾದುದು ಮಾತ್ರ ಗಾಜಿನ ತಪ್ಪೂ ಅಲ್ಲ. ಲೋಪವಿಲ್ಲದ ಮಸೂರವೂ ಹಾಗೆಯೇ ಮಾಡುತ್ತದೆ. ಸೌತೆಕಾಯಿಯನ್ನು ಅಡ್ಡಲಾಗಿ ಕೊಯ್ದರೆ ಬಿಲ್ಲೆ ದುಂಡು, ಓರೆಯಾಗಿ ಕೊಯ್ದರೆ ನೀಳ. ಅಂಚಿನಲ್ಲಿ ನಿಂತವರಿಂದ ಬರುವ ಬೆಳಕಿನ ಕಟ್ಟನ್ನು ಚಪ್ಪಟೆಯಾದ ಚಿತ್ರಫಲಕವು ಓರೆಯಾಗಿಯೇ ಕೊಯ್ಯುತ್ತದೆ. ಫಲಕ 36 ಮಿಲಿಮೀಟರ್ ಅಗಲವಿದ್ದು ಮಸೂರ 24ರದಾದರೆ, ಪಕ್ಕದ ಕೊನೆಯ ಮುಖ ತನ್ನ ಎತ್ತರಕ್ಕೆ ಹೋಲಿಸಿದಲ್ಲಿ ಕಾಲುಭಾಗ ಹೆಚ್ಚು ಅಗಲವಾಗುತ್ತದೆ. 50ರ ಮಸೂರದಲ್ಲಿ ನೂರಕ್ಕೆ ಆರರಷ್ಟು ಮಾತ್ರ. ಆದುದರಿಂದ ಮನೆಯ ಹಿರಿಯರನ್ನು ನಡುವೆಯೇ ಕೂರಿಸಿರಿ, ಅವರು ಬೇಡವೆಂದರೂ ಬಿಡಬೇಡಿರಿ. ಕೊನೆಗಳಲ್ಲಿ ಬಾಳೆಕಂಬವಿರಲಿ, ಅದು ಊದಿಕೊಂಡರೆ ಯಾರೂ ಅಳುವುದಿಲ್ಲ.

ಈ ಲೆಕ್ಕವನ್ನು ಜಮಖಂಡಿಯ ಸ್ಟುಡಿಯೋ ಒಂದರ ತರುಣನಿಗೆ ತಿಳಿಸಿದೆವು. ಅವನು ಗಣಕಯಂತ್ರದಲ್ಲಿ ಎತ್ತರವನ್ನು ಮುಟ್ಟದೆ ಅಗಲವನ್ನಷ್ಟೇ ಐದನೆಯ ಒಂದು ಪಾಲು ಕುಗ್ಗಿಸಿದನು. ಒಳಸರಿದ ಕೆನ್ನೆ, ನೀಳವಾದ ಮೂಗು ಮರಳಿ ಬಂದವು. ಮಗಳು ಬಹಳ ಹೊತ್ತು ನೋಡಿದಳು. ಬಳಿಕ ಸೆರಗಿನಿಂದ ಚೌಕಟ್ಟಿನ ಗಾಜನ್ನು ಒರೆಸಿ, ವಿಭೂತಿ ಹಚ್ಚಿ, ಹೂಮಾಲೆ ತರಲು ಒಳಗೆ ಹೋದಳು.